ದೀಪ ಆರಿಸಿ, ಕಿಟಕಿಯ ಬಳಿಗೆ ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೇಕ್, ಕಪ್ ಕೇಕ್, ಬಿಸ್ಕತ್ತು ಬೇಯಿಸಿ, ಅವುಗಳ ಮೇಲೆ ಐಸಿಂಗ್‌ನಿಂದ ಹೂವು, ಬಳ್ಳಿ ಬಿಡಿಸಿ, ಕೊನೆಗೆ ಮೊಬೈಲ್‌ನಲ್ಲಿ ಫೋಟೋ ತೆಗೆಯುವವರಿಗಾಗಿ ಇಂದಿನ ಮಾತು. ನಿಮ್ಮಲ್ಲಿ ಹೆಚ್ಚಿನವರಿಗೆ ಈ ಕೆಲಸ ಮುಗಿಯುವಾಗ ರಾತ್ರಿಯಾಗಿರುತ್ತದೆ. ಸೊಂಟ ನೋಯುತ್ತಿರುತ್ತದೆ, ಬೆರಳಿಗೆ ಬೆಣ್ಣೆ ಮೆತ್ತಿರುತ್ತದೆ. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಕೇಕ್ ಇಟ್ಟು, ನಿಂತಲ್ಲಿಂದಲೇ ಬಗ್ಗಿ, ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದು ಮಲಗಿಬಿಡುತ್ತೀರಿ. ಬೆಳಿಗ್ಗೆ ನೋಡಿದರೆ, ಇಷ್ಟು ಹೊತ್ತು ಕಷ್ಟಪಟ್ಟು ಮಾಡಿದ್ದು ಇದನ್ನೇನಾ ಅನ್ನಿಸುತ್ತದೆ.

ಆ ಬೇಸರ ನಿಮಗೆ ಬೇಡ. ಅದಕ್ಕಾಗಿ ನಾನು ಹೇಳುವುದು ಒಂದೇ ಮಾತು. ಕೋಣೆಯ ದೀಪ ಆರಿಸಿ, ಕೇಕನ್ನು ಕಿಟಕಿಯ ಬಳಿಗೆ ಒಯ್ಯಿರಿ, ಬೆಳಕು ಪಕ್ಕದಿಂದ ಬೀಳುವಂತೆ ಇಡಿ. ರಾತ್ರಿಯಾಗಿದ್ದರೆ ಬೆಳಗಾಗುವ ತನಕ ಕಾಯಿರಿ. ಬೆಳಿಗ್ಗೆಯೇ ಕೇಕ್ ಮನೆಯಿಂದ ಹೊರಡಬೇಕು ಎನ್ನುವವರು ಹತ್ತು ನಿಮಿಷ ಮೊದಲು ಏಳಿ. ಅಷ್ಟು ಹೊತ್ತು ದುಡಿದವರಿಗೆ ಈ ಹತ್ತು ನಿಮಿಷ ಹೆಚ್ಚೇನಲ್ಲ.

ಪಕ್ಕದ ಬೆಳಕೇ ಏಕೆ ಬೇಕು? ಐಸಿಂಗ್‌ನ ಸೊಗಸೆಲ್ಲ ಇರುವುದು ಉಬ್ಬು ತಗ್ಗುಗಳಲ್ಲಿ. ನಾಜಲ್ಲಿನಿಂದ, ಅಂದರೆ ಕ್ರೀಮ್ ಹಿಂಡುವ ಚೀಲದ ತುದಿಯ ಕೊಳವೆಯಿಂದ, ಸುತ್ತಿ ಬಿಟ್ಟ ಗುಲಾಬಿಯಲ್ಲಿ ದಳಕ್ಕೂ ದಳಕ್ಕೂ ನಡುವೆ ಇರುವ ಆ ಸಣ್ಣ ನೆರಳು ಕಂಡರೆ ಮಾತ್ರ ಅದು ಗುಲಾಬಿ. ನಡು ಮಧ್ಯಾಹ್ನದಲ್ಲಿ ಉತ್ತ ಹೊಲವನ್ನು ನೋಡಿದರೆ ಬರೀ ಮಣ್ಣು. ಸಂಜೆಯ ಇಳಿಬಿಸಿಲಿನಲ್ಲಿ ಅದೇ ಹೊಲದ ಒಂದೊಂದು ನೇಗಿಲ ಸಾಲೂ ಎದ್ದು ಕಾಣುತ್ತದೆ. ಫ್ಲ್ಯಾಶ್ ಇರುವುದು ಲೆನ್ಸಿನ ಪಕ್ಕದಲ್ಲೇ. ಅದರ ಬೆಳಕು ಎದುರಿನಿಂದ ನೇರವಾಗಿ ಹೋಗಿ ಬಡಿಯುತ್ತದೆ, ನೆರಳುಗಳೆಲ್ಲ ದಳಗಳ ಹಿಂದೆ ಅಡಗಿಬಿಡುತ್ತವೆ. ಚಾಕೊಲೇಟ್ ಲೇಪದ ಮೇಲಾದರೆ ಕಣ್ಣಿಗೆ ಚುಚ್ಚುವ ಒಂದು ಬಿಳಿ ಚುಕ್ಕೆಯೂ ಸೇರುತ್ತದೆ. ಫ್ಲ್ಯಾಶನ್ನು ಈಗಲೇ ನಿಲ್ಲಿಸಿಬಿಡಿ. ಕೇಕಿನ ಚಿತ್ರಕ್ಕೆ ಅದು ಬೇಕಾಗುವುದೇ ಇಲ್ಲ.

ಕಿಟಕಿಯ ಬೆಳಕೂ ಇರಲಿ, ಬಲ್ಬೂ ಉರಿಯಲಿ ಎನ್ನುವವರಿದ್ದಾರೆ. ಬೇಡ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ. ಹಳದಿ ಬಲ್ಬಿನದು ಸುಮಾರು 2,700, ಹಗಲಿನದು ಸುಮಾರು 5,500. ಎರಡೂ ಒಟ್ಟಿಗೆ ಬಿದ್ದರೆ ಬಿಳಿ ಕ್ರೀಮಿನ ಒಂದು ಮಗ್ಗುಲು ಹಳದಿ, ಇನ್ನೊಂದು ಮಗ್ಗುಲು ನೀಲಿ. ಫೋನ್ ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ. ಆದ್ದರಿಂದ ದೀಪ ಆರಿಸಿ. ಕಿಟಕಿಯಲ್ಲಿ ನೇರ ಬಿಸಿಲು ಬೀಳುತ್ತಿದ್ದರೆ ತೆಳುವಾದ ಬಿಳಿ ಪರದೆ ಎಳೆಯಿರಿ. ಪರದೆ ಇಲ್ಲದಿದ್ದರೆ ಓವನ್ ತಟ್ಟೆಗೆ ಹಾಸುವ ಬಟರ್ ಪೇಪರನ್ನೇ ಗಾಜಿಗೆ ಅಂಟಿಸಿ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಿಸಿಲಿನಲ್ಲಿಟ್ಟ ಬಟರ್‌ಕ್ರೀಮ್ ಹೂವು ನಿಮಗಾಗಿ ಕಾಯುವುದಿಲ್ಲ.

ಯಾವ ಫೋನ್ ಕೊಂಡರೆ ಒಳ್ಳೆಯದು ಎಂದು ದಯವಿಟ್ಟು ಕೇಳಬೇಡಿ. ಅದಕ್ಕೆ ಉತ್ತರವಾಗಿ ನಾನು ಯಾವಾಗಲೂ ಒಂದು ಪ್ರಸಂಗವನ್ನೇ ಹೇಳುತ್ತೇನೆ.

ನನ್ನ ತರಗತಿಗೆ ಒಬ್ಬ ಹೆಣ್ಣುಮಗಳು ಬರುತ್ತಿದ್ದರು. ಅಲಂಕಾರದಲ್ಲಿ ಅವರದು ಅಪರೂಪದ ಕೈ. ಬಿಳಿಯ ಕೇಕಿನ ಮೇಲೆ ಬಿಳಿಯ ಹೂವುಗಳನ್ನಷ್ಟೇ ಬಿಡಿಸುತ್ತಿದ್ದರು, ಬೇರೆ ಬಣ್ಣದ ಒಂದು ಚುಕ್ಕೆಯೂ ಇಲ್ಲ. ಆದರೆ ಅವರ ಫೋಟೋಗಳಲ್ಲಿ ಹೂವೇ ಇರುತ್ತಿರಲಿಲ್ಲ. ಹಳದಿ ಮಿಶ್ರಿತ ಒಂದು ಮುದ್ದೆ, ಅದರ ಹಿಂದೆ ಪಾತ್ರೆಗಳ ಸಾಲು. ಹಳೆಯ ಫೋನ್, ಹೊಸದನ್ನು ಕೊಳ್ಳಬೇಕು ಎಂದು ಹಣ ಕೂಡಿಡುತ್ತಿದ್ದರು. ನಾನು, ಫೋನ್ ಕೊಳ್ಳುವ ಮೊದಲು ಒಂದು ಕೇಕ್ ತನ್ನಿ ಎಂದೆ.

ತಂದರು. ಅಭ್ಯಾಸದಂತೆ ಕೋಣೆಯ ನಡುವಿನ ಮೇಜಿನ ಮೇಲೆ, ಸರಿಯಾಗಿ ದೀಪದ ಅಡಿಯಲ್ಲಿ ಇಟ್ಟರು. ನಾನು ಹೋಗಿ ದೀಪಗಳನ್ನೆಲ್ಲ ಆರಿಸಿದೆ. ಕತ್ತಲೆಯಾಯಿತಲ್ಲ ಎಂದು ಇಡೀ ತರಗತಿ ಗೊಣಗಿತು. ಮೇಜನ್ನು ಎಳೆದು ಕಿಟಕಿಗೆ ಒಂದು ಮೊಳ ದೂರದಲ್ಲಿ, ಬೆಳಕು ಎಡಗಡೆಯಿಂದ ಬರುವಂತೆ ನಿಲ್ಲಿಸಿದೆವು. ಆ ಹೂವುಗಳಿಗೆ ದಳಗಳು ಬಂದವು! ಅಂಚು, ಮಡಿಕೆ, ನಾಜಲ್ ಮೇಲೆತ್ತಿದ ಕಡೆ ಉಳಿದ ಚೂಪು ತುದಿ, ಎಲ್ಲವೂ. ಗೊಣಗುತ್ತಿದ್ದವರು ಎದ್ದು ಬಂದು ಸುತ್ತ ನಿಂತರು.

ಆದರೆ ಚಿತ್ರ ತೆಗೆದಾಗ ಕೇಕ್ ಬೂದು ಬಣ್ಣಕ್ಕೆ ತಿರುಗಿತ್ತು. ಅವರ ಮುಖ ಬಾಡಿತು, ಹಳೆಯ ಫೋನಿನ ಮಾತು ಮತ್ತೆ ಬಂತು. ಹಳೆಯ ಫೋನಾಗಲಿ ಹೊಸ ಫೋನಾಗಲಿ, ಎದುರಿಗೆ ಕಾಣುವುದನ್ನು ನಡುವಣ ಬೂದಿನ ಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ತುಂಬಿದ್ದರೆ ಬೆಳಕನ್ನು ತಗ್ಗಿಸುತ್ತದೆ, ಕಪ್ಪು ಚಾಕೊಲೇಟ್ ತುಂಬಿದ್ದರೆ ಏರಿಸುತ್ತದೆ. ಫೋನಿನ ಪರದೆಯ ಮೇಲೆ ಕೇಕನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ ಎಂದೆ. ಎಳೆದರು. ಬಿಳಿ ಬಿಳಿಯಾಯಿತು.

ಇನ್ನೂ ಒಂದು ತೊಡಕು ಉಳಿದಿತ್ತು. ಬಲಗಡೆಯ ಹೂವುಗಳು ನೆರಳಿನಲ್ಲಿ ಮುಳುಗಿದ್ದವು. ದೀಪ ಹಾಕೋಣವೇ ಎಂದು ಹಿಂದಿನಿಂದ ಯಾರೋ ಕೇಳಿದರು. ಹಾಕಬಾರದು! ಅವರು ಕೇಕ್ ತಂದ ಡಬ್ಬಿಯ ಬಿಳಿ ರಟ್ಟಿನ ಮುಚ್ಚಳ ಅಲ್ಲೇ ಬಿದ್ದಿತ್ತು. ಅದನ್ನು ಬಲಗಡೆಗೆ, ಚಿತ್ರದ ಚೌಕಟ್ಟಿನೊಳಗೆ ಬಾರದಂತೆ ನಿಲ್ಲಿಸಿದೆವು. ಕಿಟಕಿಯ ಬೆಳಕು ಅದಕ್ಕೆ ತಾಗಿ ಮರಳಿ ಬಂದು ನೆರಳನ್ನು ಮೆದುವಾಗಿಸಿತು. ಒಂದು ಹೂವಿನ ಅಂಚು ಹರಿದಿತ್ತು, ಅದು ಕಾಣುತ್ತದೆ ಎಂದು ಅವರು ಚಿಂತಿಸಿದರು. ಕೇಕ್ ದುಂಡಗಿದೆಯಲ್ಲ, ಅದನ್ನು ನಿಧಾನವಾಗಿ ತಿರುಗಿಸಿ, ಚೆಂದದ ಮುಖವನ್ನು ಆರಿಸಿಕೊಂಡೆವು. ಅದೇ ಹಳೆಯ ಫೋನ್, ಅದೇ ಕೇಕ್. ಈಗ ಅವರು ಹಣ ಕೂಡಿಡುತ್ತಿರುವುದು ಓವನ್ನಿಗಾಗಿ.

ಈ ಪ್ರಸಂಗ ನನಗೆ ಪ್ರಿಯವಾದದ್ದು, ಹಾಗಾಗಿ ಸಮಯ ಹೆಚ್ಚು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೆಣ್ಣೆಯ ಬೆರಳಿನಿಂದ ಮುಟ್ಟಿದ ಫೋನ್ ಅದು. ಚಿತ್ರ ಮಂಜು ಮಂಜಾಗುವುದಕ್ಕೆ ಅರ್ಧ ಕಾರಣ ಅದೇ. ಕೇಕಿಗೆ ತೀರಾ ಹತ್ತಿರ ಹೋಗಬೇಡಿ. ಮೊಬೈಲಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವಂಥದ್ದು, ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಊದಿಕೊಂಡು ಕೇಕ್ ವಾಲಿದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಜೂಮ್ ಬಳಸಿ. ಬಿಸ್ಕತ್ತುಗಳನ್ನು ನೇರ ಮೇಲಿನಿಂದ, ಎತ್ತರದ ಕೇಕನ್ನು ಅದರ ಮಟ್ಟಕ್ಕೇ ಬಗ್ಗಿ, ಕಪ್ ಕೇಕನ್ನು ಇವೆರಡರ ನಡುವಿನ ಓರೆಯಿಂದ ತೆಗೆಯಿರಿ. ಫೋನನ್ನು ತಲೆಕೆಳಗು ಹಿಡಿದರೆ ಲೆನ್ಸ್ ಮೇಜಿನ ಹತ್ತಿರಕ್ಕೆ ಇಳಿಯುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬೇಡ, ತೆಳುವಾದ ಸಕ್ಕರೆಯ ದಳ, ತಂತಿಯಂಥ ಅಲಂಕಾರಗಳ ಅಂಚನ್ನು ಅದು ಹಿನ್ನೆಲೆಯೊಂದಿಗೆ ಕಲಸಿಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಕೇಕ್ ಬೆವರಿದ್ದರೆ ಒರೆಸಬೇಡಿ, ತೇವ ತಾನಾಗಿ ಆರಲಿ. ಹಿಂದಿರುವ ಪಾತ್ರೆಗಳನ್ನು ಎತ್ತಿಡಿ. ಆಮೇಲೆ ಬಣ್ಣ ತಿದ್ದುವಾಗ ಫೋನಿನ ಪಕ್ಕದಲ್ಲಿ ಕೇಕ್ ಇರಲಿ. ನೀವು ಕಲಸಿದ ತಿಳಿಗುಲಾಬಿ ಬಣ್ಣ ಪರದೆಯ ಮೇಲೂ ತಿಳಿಗುಲಾಬಿಯಾಗಿಯೇ ಉಳಿಯಬೇಕು.

ಕತ್ತರಿಸಿದ ತುಂಡಿನ ಚಿತ್ರವೂ ಬೇಕೆನ್ನುವವರು ಇಡೀ ಕೇಕಿನ ಚಿತ್ರಗಳನ್ನು ಮುಗಿಸಿದ ಮೇಲೆಯೇ ಚಾಕು ಹಿಡಿಯಿರಿ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ ಕತ್ತರಿಸಿ. ಪ್ರತಿ ಸಲವೂ ಹಾಗೆಯೇ ಮಾಡಿ. ಆಗ ಪದರಗಳು ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ಕತ್ತರಿಸಿದ ಮುಖದ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬೀಳಲಿ, ದೀಪ ಆರಿಯೇ ಇರಲಿ, ಒಳಗಿನ ಮೆದು ಒಣಗುವ ಮೊದಲೇ ಚಿತ್ರ ತೆಗೆದುಬಿಡಿ. ನಮಸ್ಕಾರ.