ಆಮೆಗಿಂತ ಮೊದಲೇ ಅಳಿಯಬಹುದಾದ ಉಣುಗು

ತೀರ್ಥಹಳ್ಳಿಯ ನಮ್ಮ ಕೊಟ್ಟಿಗೆಯಲ್ಲಿ ಕರುವಿನ ಕಿವಿಯಿಂದ ಕಿತ್ತ ಉಣುಗನ್ನು ನೀವೀಗ ಪರದೆಯ ಮೇಲೆ ನೋಡುತ್ತಿದ್ದೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಉಣುಗಿನ ಕಡಿತದಿಂದ ಮನುಷ್ಯರಿಗೂ ಹರಡುವ ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು. ಇಂದಿಗೂ ನಮ್ಮವರು ದರಗು ತರಲು ಕಾಡಿಗೆ ಹೋಗುವ ಮುನ್ನ ಉಣುಗು ಕಚ್ಚದಿರಲೆಂದು ಕೈಕಾಲುಗಳಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇಂಥ ಸೀಮೆಯಲ್ಲಿದ್ದು ಒಂದು ಉಣುಗಿನ ಪರವಾಗಿ ಮಾತನಾಡುವುದು ಸುಲಭವಲ್ಲ. ಆದರೂ ಮಾತನಾಡಬೇಕೆಂದು ನನಗೆ ಬಲವಾಗಿ ಅನ್ನಿಸಿದೆ.

ಮಡಗಾಸ್ಕರ್‌ನ ವಾಯವ್ಯ ಭಾಗದಲ್ಲಿ, ಬಾಲಿ ಕೊಲ್ಲಿಯ ಸುತ್ತಲಿನ ಬಿದಿರ ಪೊದೆಗಳಲ್ಲಿ ಮಾತ್ರ ಉಳಿದಿರುವ ಪ್ಲೋಶೇರ್ ಆಮೆ ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಆಮೆಗಳಲ್ಲೊಂದು. ಅದರ ಮೈಮೇಲೆ ದೊರೆತ ಉಣುಗನ್ನು ವಿಜ್ಞಾನಿಗಳು 2002ರಲ್ಲಿ ಆಂಬ್ಲಿಯೋಮ ಜಿಯೋಕೆಲೋನ್ ಎಂಬ ಹೊಸ ಪ್ರಭೇದವಾಗಿ ವರ್ಣಿಸಿದರು. ನಮ್ಮ ದನಗಳ ಸಾಮಾನ್ಯ ಉಣುಗಿನ ಬಾಯಿ ಮೊಂಡಾಗಿದ್ದರೆ, ಆಂಬ್ಲಿಯೋಮ ಕುಲದ ಉಣುಗುಗಳ ಬಾಯಿ ಉದ್ದವಾಗಿರುತ್ತದೆ. ಅದರ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳ ಸಾಲಿರುವುದರಿಂದ ಒಮ್ಮೆ ಚರ್ಮಕ್ಕೆ ನಾಟಿದರೆ ಎಳೆದರೂ ಸುಲಭವಾಗಿ ಬಿಡುವುದಿಲ್ಲ.

ಈ ಕುಲದ ಬಹುತೇಕ ಉಣುಗುಗಳು ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲು ಮೂಡಿದ ಎಳೆಯ ಹಂತದಲ್ಲಿ ಇನ್ನೊಮ್ಮೆ, ಬಲಿತ ಮೇಲೆ ಮತ್ತೊಮ್ಮೆ ರಕ್ತ ಹೀರುತ್ತವೆ; ಮೊದಲ ಎರಡು ಸಲ ನೆಲಕ್ಕುದುರಿದ ಮೇಲೆ ಮತ್ತೊಂದು ಪ್ರಾಣಿ ಹಾದುಹೋಗುವುದನ್ನೇ ಕಾಯುತ್ತವೆ. ಒಂದೇ ಬಗೆಯ ಆಮೆಯನ್ನು ನೆಚ್ಚಿಕೊಂಡ ಉಣುಗಿಗೆ, ಆ ಆಮೆಗಳು ವಿರಳವಾದ ಕಾಡಿನಲ್ಲಿ ಮೂರು ಬಾರಿ ಈ ಅದೃಷ್ಟ ಒದಗುವುದು ಕಷ್ಟ. ಆದ್ದರಿಂದ ಕೊನೆಯ ಆಮೆ ಸಾಯುವ ಮೊದಲೇ ಅದರ ಉಣುಗು ಇಲ್ಲವಾಗಬಹುದು.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದುಗಳನ್ನು ಉಳಿಸಲು 1980ರ ದಶಕದಲ್ಲಿ ಅವುಗಳನ್ನು ಹಿಡಿದು ಸಾಕಿದಾಗ, ಔಷಧಿ ಹಾಕಿ ಹೇನು ತೆಗೆದದ್ದರಿಂದ ಅವುಗಳಿಗೇ ಮೀಸಲಾಗಿದ್ದ ಒಂದು ಹೇನು ಪ್ರಭೇದ ನಾಶವಾಯಿತು. ಅದರ ಅಧ್ಯಯನವೂ ಸರಿಯಾಗಿ ಆಗಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗೆಂದು ಉಣುಗನ್ನು ಎಲ್ಲೆಂದರಲ್ಲಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆಫ್ರಿಕಾದ ಆಮೆಗಳ ಮೈಮೇಲೆ ಬಂದ ಉಣುಗುಗಳು ದನಗಳಿಗೆ ಮಾರಕವಾದ ಹಾರ್ಟ್‌ವಾಟರ್ ರೋಗವನ್ನು ತಂದಾವೆಂಬ ಭಯದಿಂದಲೇ ಅಮೆರಿಕ 2000ದಲ್ಲಿ ಕೆಲವು ಜಾತಿಯ ಆಮೆಗಳ ಆಮದನ್ನು ನಿಷೇಧಿಸಿತು, ಮತ್ತು ದನ ಸಾಕುವ ಮನೆಯವನಾಗಿ ನಾನು ಅದನ್ನು ಒಪ್ಪುತ್ತೇನೆ. ಕಳ್ಳಸಾಗಣೆದಾರರಿಂದ ಬಿಡಿಸಿದ ಆಮೆಯನ್ನು ದೂರದ ದೇಶದಲ್ಲಿ ಇರಿಸುವಾಗ ಉಣುಗು ತೆಗೆಯಲೇಬೇಕು. ಆದರೆ ಬಾಲಿ ಕೊಲ್ಲಿಯಲ್ಲೇ ಇರುವ ಆರೋಗ್ಯವಂತ ದೊಡ್ಡ ಆಮೆಯ ತೊಡೆಸಂದಿಯಲ್ಲಿ ಕುಳಿತಿರುವ ನಾಲ್ಕಾರು ಉಣುಗುಗಳನ್ನು ಅಲ್ಲಿಯೇ ಇರಲು ಬಿಡುವುದು ಸರಿ.