ರಿಚ್ಮಂಡ್‌ನ ಹಳೇ ಓಕ್‌ಗಳನ್ನು ನೋಡಲು ಹೋಗುವ ಮುನ್ನ

ಎಲ್ಲರಿಗೂ ನಮಸ್ಕಾರ. ಶನಿವಾರ ನಾವೆಲ್ಲ ಲಂಡನ್ನಿನ ರಿಚ್ಮಂಡ್ ಪಾರ್ಕಿಗೆ ಹೋಗುತ್ತಿದ್ದೇವಲ್ಲ, ಅದಕ್ಕೆ ಮುಂಚೆ ಅಲ್ಲಿನ ಓಕ್ ಮರಗಳ ಬಗ್ಗೆ ಸ್ವಲ್ಪ ಹೇಳಿ ಅಂದಿರಿ. ತುಂಬಾ ಖುಷಿಯಿಂದ ಬಂದಿದ್ದೇನೆ.

ಸ್ಟೇಷನ್ನಿನಲ್ಲಿ ಇಳಿದು ನೇರ ಗುಡ್ಡ ಹತ್ತಬೇಡಿ. ಮೊದಲು ಥೇಮ್ಸ್ ದಡಕ್ಕೆ ಬನ್ನಿ. ಸಮುದ್ರ ಎಷ್ಟೋ ದೂರ ಇದ್ದರೂ ಅದರ ಉಬ್ಬರ ಇಲ್ಲಿಗೂ ಬರುತ್ತದೆ, ಇನ್ನೂ ಮೇಲೆ ಟೆಡಿಂಗ್ಟನ್ ಲಾಕ್ ಅನ್ನುವ ಕಟ್ಟೆಯವರೆಗೂ ಹೋಗುತ್ತದೆ. ನಾನು ಅಘನಾಶಿನಿ ದಡದಲ್ಲಿ ಬೆಳೆದವಳು. ಇಲ್ಲೂ ಹೊಳೆ ಹಿಂದಕ್ಕೆ ಹರಿಯುವುದನ್ನು ಮೊದಲ ಸಲ ಕಂಡಾಗ ಸುಮ್ನೆ ನಿಂತುಬಿಟ್ಟಿದ್ದೆ. ಇಳಿತದಲ್ಲಿ ನೀರೆಲ್ಲ ಹೋಗಿ ಬರೀ ಕೆಸರು ಉಳಿಯಬಾರದು ಅಂತ 1894ರಲ್ಲಿ ಎತ್ತಿ ಇಳಿಸುವ ಬಾಗಿಲುಗಳ ಒಡ್ಡು ಕಟ್ಟಿದ್ದಾರೆ, ಅದನ್ನೂ ನೋಡಬಹುದು.

ಅಲ್ಲಿಂದ ಪೀಟರ್‌ಶಮ್ ಹುಲ್ಲುಗಾವಲು ದಾಟಿ ಗುಡ್ಡ ಹತ್ತಿದರೆ ಪಾರ್ಕು. 1637ರಲ್ಲಿ ಮೊದಲನೇ ಚಾರ್ಲ್ಸ್ ರಾಜ ಜಿಂಕೆ ಬೇಟೆಗೆ ಅಂತ ಸುತ್ತ ಗೋಡೆ ಹಾಕಿಸಿದ ಜಾಗ ಇದು. ಇವತ್ತಿನ ಕೆಲವು ಓಕ್‌ಗಳು ಆಗಲೇ ದೊಡ್ಡ ಮರಗಳು. ರಾಯಲ್ ಓಕ್ ಅನ್ನುವ ಮರಕ್ಕೆ ಸುಮಾರು 750 ವರ್ಷ ಅಂತ ಅಂದಾಜು.

ಮುಗಿಲು ಮುಟ್ಟುವ ಮರ ಇರುತ್ತದೆ ಅಂದುಕೊಂಡು ಬರಬೇಡಿ. ಗಿಡ್ಡ, ದಪ್ಪ, ಗಂಟುಗಂಟಾದ ಕಾಂಡ, ಅದರ ತಲೆಯಿಂದ ಕವಲೊಡೆದ ಕೊಂಬೆಗಳು. ಹಿಂದೆ ಇವುಗಳ ಕೊಂಬೆಗಳನ್ನು ಜಿಂಕೆ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಆಗಾಗ ಕಡಿಯುತ್ತಿದ್ದರು. ಕಟ್ಟಿಗೆಯೂ ಸಿಗುತ್ತಿತ್ತು, ಮರವೂ ಮತ್ತೆ ಚಿಗುರುತ್ತಿತ್ತು. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಮರ ಸವರುವುದನ್ನು ಕಂಡವರಿಗೆ ಈ ಆಕಾರ ತಕ್ಷಣ ಗುರುತು ಸಿಗುತ್ತದೆ. ಹೀಗೆ ಕಡಿಸಿಕೊಂಡ ಮರ ಎತ್ತರಕ್ಕೆ ಹೋಗದೆ, ಗಾಳಿಗೆ ಬೀಳದೆ ಜಾಸ್ತಿ ವರ್ಷ ಬಾಳುತ್ತದೆ.

ನಮ್ಮ ಆಯಿ ಇಲ್ಲಿಗೆ ಬಂದಾಗ ಒಂದು ಮರದ ಪೊಟರೆಯೊಳಗೆ ಇಣುಕಿ, "ಪಾಪ, ಒಳಗೆಲ್ಲ ಪೊಳ್ಳು, ಇನ್ನೆಷ್ಟು ದಿನವೋ ಇದಕ್ಕೆ" ಅಂದಳು. ಎಲ್ಲರಿಗೂ ಹಾಗೇ ಅನಿಸುತ್ತದೆ, ಅಲ್ವಾ? ಆದರೆ ಮರದ ನಡುವಿನ ಕೆಚ್ಚು ಮೊದಲೇ ಜೀವ ಇಲ್ಲದ್ದು. ಬೇರಿನಿಂದ ನೀರು ಏರುವುದು ತೊಗಟೆಯ ಒಳಗಿನ ಹೊಸ ಪದರಗಳಲ್ಲಿ. ಒಂದು ಜಾತಿಯ ಅಣಬೆಗಳು ಕೆಚ್ಚನ್ನು ತಿಂದು ಪುಡಿ ಮಾಡುತ್ತವೆ, ಆ ಪುಡಿಯೊಳಗೆ ಮರವೇ ಬೇರು ಬಿಟ್ಟು ಸಾರ ಹೀರಿಕೊಳ್ಳುವುದೂ ಉಂಟು. ಪೊಳ್ಳು ಕಾಂಡ ಕೊಳವೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಪೊಳ್ಳಾದ ಮೇಲೂ ಓಕ್ ನೂರಾರು ವರ್ಷ ಬದುಕುತ್ತದೆ.

ಹಾಗಾದರೆ ಇಂಥ ಮರಕ್ಕೆ ತೊಂದರೆ ಎಲ್ಲಿಂದ? ಬಹಳಷ್ಟು ಸಲ ನಮ್ಮ ಕಾಲಿನಿಂದ. ಇದೇ ಹೊಳೆ ದಡದಲ್ಲಿ ಕ್ಯೂ ಅನ್ನುವ ಹೆಸರಾಂತ ಸಸ್ಯೋದ್ಯಾನ ಇದೆ, ಅಲ್ಲಿ 1798ರಲ್ಲಿ ನೆಟ್ಟ ಟರ್ನರ್ಸ್ ಓಕ್ ಅನ್ನುವ ಮರ ಇದೆ. 1980ರ ದಶಕದಲ್ಲಿ ಅದು ಸೊರಗುತ್ತಾ ಬಂದಿತ್ತು. 1987ರ ಅಕ್ಟೋಬರ್ ಬಿರುಗಾಳಿಯ ರಾತ್ರಿ ಕ್ಯೂನಲ್ಲಿ ಸುಮಾರು 700 ಮರ ಉರುಳಿದವು. ಈ ಓಕ್ ಬೇರು ಸಮೇತ ಮೇಲೆದ್ದು ಮತ್ತೆ ಅದೇ ಗುಂಡಿಗೆ ಕೂತಿತು. ಇನ್ನು ಉಳಿಯಲಾರದು ಅಂದುಕೊಂಡೇ ಅದಕ್ಕೆ ಆಸರೆ ಕೊಟ್ಟು ಬಿಟ್ಟರು. ಮೂರು ವರ್ಷದಲ್ಲಿ ಮರ ಹಿಂದಿಗಿಂತ ಚೆನ್ನಾಗಿ ಬೆಳೆದಿತ್ತು! ಜನ ತುಳಿದು ತುಳಿದು ಗಟ್ಟಿಯಾಗಿದ್ದ ಮಣ್ಣನ್ನು ಗಾಳಿ ಅಲ್ಲಾಡಿಸಿ ಸಡಿಲ ಮಾಡಿತ್ತು, ಬೇರಿಗೆ ಉಸಿರು ಸಿಕ್ಕಿತ್ತು. ಆಮೇಲೆ ಕ್ಯೂನವರು ಉಳಿದ ಹಳೇ ಮರಗಳ ಬುಡಕ್ಕೂ ಯಂತ್ರದಿಂದ ಗಾಳಿ ಊದಿ ಮಣ್ಣು ಸಡಿಲಿಸಲು ಶುರುಮಾಡಿದರು.

ಈ ಕಥೆ ಹೇಳಿದಾಗ ಆಯಿ ಏನೂ ಮಾತಾಡಲಿಲ್ಲ. ಮೆಲ್ಲಗೆ ಪೊಟರೆಯಿಂದ ಹಿಂದೆ ಸರಿದಳು, ನನ್ನ ಕೈಯನ್ನೂ ಹಿಡಿದು ಎಳೆದಳು.

ಅದಕ್ಕೇ ಕೇಳಿಕೊಳ್ಳುತ್ತೇನೆ, ಫೋಟೋಗೆ ಅಂತ ಬುಡದ ಸುತ್ತ ಗುಂಪು ಸೇರುವುದು ಬೇಡ, ಕೊಂಬೆಗಳ ನೆರಳಿನಿಂದ ಆಚೆ ನಿಂತೇ ನೋಡೋಣ. ಬಿದ್ದ ಕಟ್ಟಿಗೆಯನ್ನು ಮಕ್ಕಳು ಎತ್ತಿಕೊಳ್ಳದಿರಲಿ. ಸ್ಟ್ಯಾಗ್ ಬೀಟಲ್ ಅನ್ನುವ ಕೊಂಬಿನಂಥ ದವಡೆಯ ಜೀರುಂಡೆಯ ಮರಿ ಕೊಳೆತ ಮರವನ್ನೇ ತಿಂದು ಮಣ್ಣಿನೊಳಗೆ ವರ್ಷಗಟ್ಟಲೆ ಇರುತ್ತದೆ. ಓಕ್ ಮೇಲೆ ಬಿಳಿ ಬಲೆಯಂಥ ಕಂಬಳಿಹುಳದ ಗೂಡು ಕಂಡರೆ ಮುಟ್ಟಬೇಡಿ, ಅದರ ರೋಮ ತಾಗಿದರೆ ವಿಪರೀತ ತುರಿಕೆ. ಜಿಂಕೆಗಳಿಂದ 50 ಮೀಟರ್ ದೂರ ಇರಿ.

ಬೆಳಿಗ್ಗೆ ಹತ್ತಕ್ಕೆ ರಿಚ್ಮಂಡ್ ಸೇತುವೆ ಕೆಳಗೆ ಸಿಗೋಣ. ದೊಡ್ಡ ಉಬ್ಬರ ಇದ್ದರೆ ದಡದ ದಾರಿ ಮೇಲೂ ನೀರು ಬರುತ್ತದೆ, ಹಾಗಾದರೆ ಸೇತುವೆ ಮೇಲೇ ಕಾಯುತ್ತಿರುತ್ತೇನೆ.