ಶ್ರುತಿ ಯಾರದು?

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಶಾಲೆಯಲ್ಲಿ ಸಂಗೀತ ಕಲಿಸುವವರಿಗೆ. ಉಳಿದವರೂ ಕೇಳಬಹುದು, ಮನೆಯಲ್ಲಿ ಹಾಡುವ ಮಗು ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಆಗಷ್ಟೇ ಮೇಷ್ಟ್ರಾಗಿದ್ದೆ. ಸಮೂಹಗಾನದ ಅಭ್ಯಾಸ ನಡೆಯುತ್ತಿತ್ತು. ಒಬ್ಬ ಹುಡುಗ ಎಲ್ಲರಿಗಿಂತ ಕೆಳಗೆ, ದುಂಬಿಯ ಹಾಗೆ ಗುಂಯ್ ಅನ್ನುತ್ತಿದ್ದ. 'ನೀನು ಸುಮ್ನೆ ಬಾಯಿ ಆಡಿಸು, ಸಾಕು' ಅಂದೆ. ಹಾಗೇ ಮಾಡಿದ. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಆಮೇಲೆ ತರಗತಿಯಲ್ಲೂ ಅವನು ಬಾಯಿ ಮಾತ್ರ ಆಡಿಸತೊಡಗಿದ. ಆ ವರ್ಷ ನಾನು ಕಲಿಸಿದ್ದರಲ್ಲಿ ಗಟ್ಟಿಯಾಗಿ ಉಳಿದ ಪಾಠ ಅದೊಂದೇ ಇರಬೇಕು.

ಅವನ ಗುಂಯ್ ಎಲ್ಲಿಂದ ಬಂತು ಅನ್ನುವುದು ಹೊಳೆಯಲು ಬಹಳ ದಿನ ಬೇಕಾಯಿತು. ದೊಡ್ಡ ಗಂಡಸಿನ ದನಿ ಮಕ್ಕಳ ದನಿಗಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದರೆ ಒಂದು ಸದಿಂದ ಮುಂದಿನ ಸದಷ್ಟು, ಕೆಳಗಿರುತ್ತದೆ. ಮಕ್ಕಳು 440 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 440 ಕಂಪನದಲ್ಲಿ, ಹಾಡುವ ಸ್ವರವನ್ನು ನಾನು 220ರಲ್ಲಿ ಹಾಡುತ್ತೇನೆ. ಜಾಸ್ತಿ ಮಕ್ಕಳು ತಾವಾಗಿಯೇ ಮೇಲಿನ ಸ್ಥಾಯಿಗೆ ಹಾರಿಬಿಡುತ್ತಾರೆ. ಈ ಹುಡುಗ ಹಾರಲಿಲ್ಲ. ನಾನು ಹಾಡಿದ್ದನ್ನೇ, ನಾನು ಹಾಡಿದ ಜಾಗದಲ್ಲೇ ಹಿಡಿಯಲು ಹೊರಟಿದ್ದ. ಆ ಗಂಟಲಿಗೆ ಅದು ಎಟುಕುತ್ತದೆಯೇ? ಅವನಿಗೆ ಕಿವಿ ಇಲ್ಲ ಅಂತ ನಾನು ತೀರ್ಮಾನಿಸಿದ್ದೆ ನೋಡಿ!

ಈಗ ಅಂಥ ಮಗು ಸಿಕ್ಕರೆ ಹೀಗೆ ಮಾಡುತ್ತೇನೆ. 'ನಿನಗೆ ಬಂದ ಒಂದು ಸ್ವರ ಹಿಡಿ' ಅನ್ನುತ್ತೇನೆ. ಎಷ್ಟೇ ಕೆಳಗಿರಲಿ, ನಾನು ಅಲ್ಲಿಗೇ ಹೋಗಿ ಸೇರುತ್ತೇನೆ. ಎರಡೂ ದನಿ ಕೂಡಿದ ಕ್ಷಣ ಮಗು ತಟ್ಟನೆ ತಲೆ ಎತ್ತುತ್ತದೆ. ತನ್ನ ದನಿ ಇನ್ನೊಂದರ ಜೊತೆ ಕೂಡುವುದು ಅಂದರೆ ಏನು ಅಂತ ಅದಕ್ಕೆ ಗೊತ್ತಾಗುವುದು ಆಗಲೇ. ಅಲ್ಲಿಂದ ಅರ್ಧ ಸ್ವರ ಮೇಲೆ. ಬಂದರೆ ಇನ್ನೂ ಅರ್ಧ. ನಡುವೆ ಬೇಸರವಾದರೆ 'ಊ' ಅಂತ ಸೈರನ್ ಹಾಗೆ ಜಾರಿಸಿ ಏರಿಸುವ ಆಟ. ಎರಡು ನಿಮಿಷ ಸಾಕು. ಎಲ್ಲರೆದುರು ಒಬ್ಬನನ್ನೇ ನಿಲ್ಲಿಸಿ ಮಾತ್ರ ಮಾಡಬೇಡಿ.

ಇಡೀ ತರಗತಿಗೆ ಹಾಡಿಸುವಾಗ ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಎತ್ತರ, ಮಕ್ಕಳದ್ದಿರಲಿ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೀಬೋರ್ಡಿನ ನಡುವಿನ ಸಿ ಪಕ್ಕದ ಡಿಯಿಂದ ಮೇಲಿನ ಎವರೆಗೆ ಸಾಮಾನ್ಯವಾಗಿ ಹಿತ. ಮೇಡಂಗಳೂ ಸಂಜೆ ದಣಿದಾಗ ಇದಕ್ಕಿಂತ ಕೆಳಗೆ ಶುರು ಮಾಡಿಬಿಡುತ್ತಾರೆ. ಮೇಷ್ಟ್ರುಗಳು ಕಳ್ಳದನಿಯಲ್ಲಿ, ಅಂದರೆ ದನಿ ತೆಳುವಾಗಿಸಿ ಮಕ್ಕಳ ಎತ್ತರದಲ್ಲಿ, ಹಾಡಬಹುದು. ಸಂಕೋಚವಾದರೆ ಕೊಳಲಲ್ಲೋ ಕೀಬೋರ್ಡಲ್ಲೋ ಸ್ವರ ಕೊಡಿ. ಇಲ್ಲವೇ, ಚೆನ್ನಾಗಿ ಹಾಡುವ ಮಗುವೇ ಶುರು ಮಾಡಲಿ, ತಪ್ಪೇನು?

ಇನ್ನೊಂದು ಉಪಾಯ ಕೈಯದು. ರೇಡಿಯೋದಲ್ಲಿ ತೋರಿಸೋಕಾಗಲ್ಲ, ಕಲ್ಪಿಸಿಕೊಳ್ಳಿ. ಸೊಂಟದ ಹತ್ತಿರ ಮುಷ್ಟಿ ಕಟ್ಟಿದರೆ ಸ. ಅಂಗೈ ನೆಲಕ್ಕೆ ಮಾಡಿ ಎದೆಯೆದುರು ಅಡ್ಡ ಹಿಡಿದರೆ ಗ. ಇನ್ನೂ ಮೇಲೆ, ಅಂಗೈ ನಮ್ಮ ಕಡೆ ತಿರುಗಿದರೆ ಪ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಈ ಕೈಸನ್ನೆಗಳನ್ನು ಬಳಕೆಗೆ ತಂದರು. ಆಮೇಲೆ ಹಂಗೇರಿಯಲ್ಲಿ ಜೊಲ್ತಾನ್ ಕೊದಾಯ್ ಅವರ ಬೋಧನಾ ಕ್ರಮಕ್ಕೂ ಇವು ಸೇರಿದವು. ಅವರು ಹೇಳಿದ್ದು ದೊ, ಮಿ, ಸೊ. ನಾನು ಸ, ಗ, ಪ ಹಾಕಿಕೊಂಡಿದ್ದೇನೆ, ಅಷ್ಟೇ. ಸ್ವರ ಏರಿತೋ ಇಳಿಯಿತೋ ಮಕ್ಕಳಿಗೆ ಕಣ್ಣಿಗೇ ಕಾಣುತ್ತದೆ. ಮೇಷ್ಟ್ರ ಬಾಯಿಗೂ ಬಿಡುವು.

ಆ ಬಿಡುವು ಬೇಕೇ ಬೇಕು. ದಿನಕ್ಕೆ ಐದಾರು ತರಗತಿ ಕಿರುಚಿದರೆ ಗಂಟಲು ಕೆಡದೆ ಇನ್ನೇನಾಗುತ್ತದೆ? ಗದ್ದಲವಾದರೆ ಕೂಗಬೇಡಿ, ಒಂದು ಲಯ ಚಪ್ಪಾಳೆ ತಟ್ಟಿ. ಮಕ್ಕಳು ಅದನ್ನೇ ತಿರುಗಿ ತಟ್ಟಲಿ. ಮೂರನೇ ಸಲಕ್ಕೆ ಸದ್ದು ಇಳಿದಿರುತ್ತದೆ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಿ. ಕಷಾಯ ಕುಡಿದು ತಳ್ಳಬೇಡಿ.

ಕೊನೆಗೊಂದು ಪ್ರಯೋಗ. ನಿಮ್ಮದೇ ಒಂದು ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ದನಿ ಮಾತ್ರ, ನೀವೊಬ್ಬರೇ ಕೇಳಿ ಅಳಿಸಿಬಿಡಿ. ಮಕ್ಕಳು ಹಾಡಿದ್ದೆಷ್ಟು, ನಾವು ಮಾತಾಡಿದ್ದೆಷ್ಟು ಅಂತ ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಿ. ನಾನು ಮೊದಲ ಸಲ ಹಾಕಿದಾಗ ನಲವತ್ತು ನಿಮಿಷದಲ್ಲಿ ಮಕ್ಕಳು ಹಾಡಿದ್ದು ಒಂಬತ್ತು. ಉಳಿದದ್ದೆಲ್ಲ ನಾನೇ.

ನಮಸ್ಕಾರ.